ಕಿಟಕಿಗೆ ಕಟ್ಟಿದ ಗಂಡ

ನಮ್ಮವರಿಗೆ ಸ್ವಂತ ಬುದ್ಧಿ ಇಲ್ಲವೆಂದು ಯಾರಾದರೂ ಹೇಳಿದರೆ ಅದು ತಪ್ಪು. ಇದೆ. ಆದರೆ ಅದನ್ನು ಬಳಸುವ ಮೊದಲು ಯಾರಾದರೂ ಲಿಖಿತ ಅನುಮತಿ ಕೊಡಲಿ ಎಂದು ಅವರು ಕಾಯುತ್ತಾರೆ.

ಮದುವೆಯಾದ ಮೇಲೆ ಅವರು ಬಿಟ್ಟ, ಅಥವಾ ಅವರನ್ನು ಬಿಟ್ಟ, ಕೆಲಸಗಳನ್ನೆಲ್ಲ ನೆನಪಿಸಿಕೊಂಡರೆ ಪ್ರತಿಯೊಂದರ ಕೊನೆಯಲ್ಲೂ ಒಂದು ನಿಯಮ ನಿಂತಿರುತ್ತದೆ. ಚಪ್ಪಲಿ ಅಂಗಡಿಯಲ್ಲಿ ‘ಪಾದ ಅಳೆಯದೆ ಚಪ್ಪಲಿ ಕೊಡಬಾರದು’ ಎಂಬ ಫಲಕವಿತ್ತು. ಒಂದು ಸಂಜೆ ಅಂಗಡಿಯ ಮಾಲೀಕರು ತಾವು ಒಳಗೆ ಬಿಟ್ಟಿದ್ದ ತಮ್ಮದೇ ಚಪ್ಪಲಿಯನ್ನು ತಂದುಕೊಡು ಎಂದಾಗ ಇವರು ಅಳತೆಯ ಹಲಗೆ ಹಿಡಿದುಕೊಂಡು ಅವರ ಕಾಲಬಳಿ ಕುಳಿತರು. ಜೆರಾಕ್ಸ್ ಅಂಗಡಿಯ ಯಂತ್ರದ ಮೇಲೆ ‘ಆಗಾಗ ವಿರಾಮ ಕೊಡಿ’ ಎಂದು ಬರೆದಿತ್ತು. ಪರೀಕ್ಷೆಯ ಹಿಂದಿನ ದಿನ ಹುಡುಗರ ಸಾಲು ರಸ್ತೆಯವರೆಗೆ ಬೆಳೆದಿದ್ದಾಗ ಇವರು ಯಂತ್ರಕ್ಕೆ ವಿರಾಮ ಕೊಟ್ಟರು. ಅದಕ್ಕೆ ಬೇಸರವಾಗಬಾರದೆಂದೋ ಏನೋ, ತಾವೂ ಪಕ್ಕದಲ್ಲಿ ಕೈಕಟ್ಟಿ ಕುಳಿತರು. ಎರಡೂ ಕಡೆ ಮಾಲೀಕರು ಕೊನೆಯ ದಿನ ಹೇಳಿದ ಮಾತು ಒಂದೇ. ಸ್ವಲ್ಪ ತಲೆ ಓಡಿಸಬಾರದೇನಯ್ಯ, ಎಂದು.

ಹೀಗಿರುವಾಗ ಊರ ಹೊರಗಿನ ಎಲೆಕ್ಟ್ರಾನಿಕ್ಸ್ ಕಾರ್ಖಾನೆಯ ಗೇಟಿನಲ್ಲಿ ಒಂದು ಪ್ರಕಟಣೆ ಅಂಟಿಸಿದ್ದನ್ನು ನಾನೇ ನೋಡಿದೆ. ‘ನಿಗದಿತ ವಿಧಾನದಂತೆ, ಅದರಿಂದ ಕೂದಲೆಳೆಯಷ್ಟೂ ಸರಿಯದೆ ಕೆಲಸ ಮಾಡಲು ಇಷ್ಟಪಡುವವರಿಗೆ ಆದ್ಯತೆ.’ ಯಾರೋ ನಮ್ಮವರನ್ನು ಎದುರು ಕೂರಿಸಿಕೊಂಡು ಅಕ್ಷರದಲ್ಲಿ ಬಿಡಿಸಿದ ಚಿತ್ರದಂತಿತ್ತು ಅದು. ಗೇಟಿನ ಕಾವಲುಗಾರ ಅನುಮಾನದಿಂದ ನೋಡುತ್ತಿದ್ದರೂ ಅದನ್ನು ಎರಡು ಸಲ ಓದಿಕೊಂಡು ಮನೆಗೆ ಓಡಿದೆ.

ಅಲ್ಲಿ ಬಟ್ಟೆ ಒಗೆಯುವ ಯಂತ್ರಗಳ ಒಳಗೆ ಕೂರುವ ಹಸಿರು ಸರ್ಕ್ಯೂಟ್ ಬೋರ್ಡುಗಳನ್ನು ತಯಾರಿಸುತ್ತಾರೆ. ಮೊದಲ ದಿನ ಕೆಲಸ ಮುಗಿಸಿ ಬಂದಾಗ ನಮ್ಮವರ ಕಣ್ಣು ಒದ್ದೆಯಾಗಿತ್ತು. ಮೊದಲ ದಿನವೇ ಕೆಲಸದಿಂದ ಕಳಿಸಿಬಿಟ್ಟರೇ ಎಂದುಕೊಂಡೆ. ಅವರು ನೀರು ಕುಡಿದು, ಲೋಟ ಇಟ್ಟು, ಲೋಟದ ಹಿಡಿಯನ್ನು ಗೋಡೆಯ ಕಡೆ ತಿರುಗಿಸಿ, ಆಮೇಲೆ ಹೇಳಿದರು: “ನಮ್ಮ ಸೂಪರ್‌ವೈಸರ್ ಏನಂದರು ಗೊತ್ತಾ? ‘ಇಲ್ಲಿ ಯಾರೂ ತಲೆ ಓಡಿಸಬೇಡಿ. ಓಡಿಸಬೇಕಾದ್ದನ್ನೆಲ್ಲ ಓಡಿಸಿ ಹಾಳೆಯಲ್ಲಿ ಬರೆದಿದೀವಿ’ ಅಂದರು.”

ಇಷ್ಟು ವರ್ಷ ಈ ಒಂದು ಮಾತನ್ನು ಯಾರಾದರೂ ಹೇಳಲಿ ಎಂದು ಅವರು ಕಾದಿದ್ದರು. ಅದಕ್ಕಿಂತ ಹೆಚ್ಚಿಗೆ ಅವರು ಏನೂ ಹೇಳಲಿಲ್ಲ, ಹೇಳುವಂತೆಯೂ ಇರಲಿಲ್ಲ. ಸಿಬ್ಬಂದಿ ವಿಭಾಗದ ಅಧಿಕಾರಿಯೊಬ್ಬರು ಹೊಸಬರಿಗೆಲ್ಲ ಭಾಷಣ ಮಾಡಿ, ಲೈನಿನ ಒಳಗೆ ನಡೆಯುವ ಕೆಲಸದ ವಿಧಾನವನ್ನು ಹೊರಗೆ ಬಾಯಿಬಿಟ್ಟರೆ ಅದೇ ದಿನ ಮನೆಗೆ ಕಳಿಸುವುದಾಗಿ ಹೇಳಿ, ಒಂದು ಕಾಗದಕ್ಕೆ ಸಹಿ ಹಾಕಿಸಿಕೊಂಡಿದ್ದರಂತೆ. ಲೈನೆಂದರೆ ಉದ್ದನೆಯ ಮೇಜುಗಳ ಸಾಲು. ಅಲ್ಲಿ ಕೆಲಸ ಮಾಡುವವರಿಗೆ ನೀಲಿ ಬ್ಯಾಡ್ಜ್. ನೀಲಿ ಬ್ಯಾಡ್ಜ್ ಇಲ್ಲದವರೆಲ್ಲ ಹೊರಗಿನವರು. ಹೆಂಡತಿಗೆ ಯಾವ ಬಣ್ಣದ ಬ್ಯಾಡ್ಜೂ ಇಲ್ಲದ್ದರಿಂದ ನಾನು ಬಹಳ ಹೊರಗಿನವಳಾದೆ.

ನಾನೇನು ದಡ್ಡಿಯಲ್ಲ. ಕಾಲೇಜು ಓದಿದವಳು. ಬಾಚಣಿಗೆಯನ್ನು ತಲೆಗೆ ಉಜ್ಜಿ ಕಾಗದದ ಚೂರುಗಳ ಹತ್ತಿರ ಹಿಡಿದರೆ ಅವು ಎದ್ದು ಅಂಟಿಕೊಳ್ಳುತ್ತವಲ್ಲ, ಆ ವಿದ್ಯುತ್ತು ನಮ್ಮ ಮೈಯಲ್ಲೂ ಸೇರಿಕೊಳ್ಳುತ್ತದೆ, ಅದು ಬೆರಳ ತುದಿಯಿಂದ ಹಾರಿದರೆ ಬೋರ್ಡಿನ ಮೇಲಿನ ಪುಟ್ಟ ಭಾಗಗಳು ಸತ್ತುಹೋಗುತ್ತವೆ, ಅದಕ್ಕಾಗಿ ಕೆಲಸ ಮಾಡುವವರು ಮಣಿಕಟ್ಟಿಗೆ ಪಟ್ಟಿ ಕಟ್ಟಿ ಅದರ ತಂತಿಯನ್ನು ಮೇಜಿಗೆ ಸಿಕ್ಕಿಸಿಕೊಳ್ಳುತ್ತಾರೆ ಎಂಬುದನ್ನು ಯಾರೂ ಹೇಳದೆಯೇ ಊಹಿಸಿದ್ದೆ. ಇದು ಶಾಲೆಯ ಪಾಠದಿಂದ ಬಂದ ಜ್ಞಾನ, ಕಾರ್ಖಾನೆಯಿಂದ ಬಂದದ್ದಲ್ಲ. ಓದುವವರು ಇದನ್ನು ದಯವಿಟ್ಟು ಗಮನದಲ್ಲಿಡಬೇಕು.

ಆರು ತಿಂಗಳ ಪರೀಕ್ಷಾ ಅವಧಿ ಮುಗಿದರೆ ಕೆಲಸ ಖಾಯಂ. ಅದು ಮುಗಿಯಲು ಇನ್ನು ಸ್ವಲ್ಪವೇ ದಿನ ಉಳಿದಿದ್ದಾಗ ಇವರು ಮುಖ ಸಣ್ಣದು ಮಾಡಿಕೊಂಡು ಬಂದರು. ಸೂಪರ್‌ವೈಸರ್ ಹಿಂದಿನಿಂದ ಗಟ್ಟಿಯಾಗಿ ಕೂಗಿದ್ದಕ್ಕೆ ಬೆಚ್ಚಿಬಿದ್ದು ಒಂದು ಕ್ರಮ ತಪ್ಪಿಸಿದೆ ಎಂದರು. ಯಾವ ಕ್ರಮ ಎಂದು ಕೇಳಿದೆ. ಹೇಳುವಂತಿಲ್ಲ ಎಂದರು. ಎಡಗೈಯ ಮಣಿಕಟ್ಟನ್ನು ಉಜ್ಜಿಕೊಳ್ಳುತ್ತಿದ್ದುದರಿಂದ ಪಟ್ಟಿ ಕಟ್ಟದೆ ಬೋರ್ಡು ಮುಟ್ಟಿದ್ದಾರೆಂದು ನನಗೆ ಗೊತ್ತಾಯಿತು. ಇನ್ನೊಂದು ಸಲ ಹೀಗಾದರೆ ಖಾಯಂ ಮರೆತುಬಿಡು ಎಂದು ಎಚ್ಚರಿಕೆ ಕೊಟ್ಟಿದ್ದರಂತೆ.

ಬೇರೆ ಕಡೆ ಕೆಲಸದಿಂದ ಕಳಿಸಿದಾಗ ‘ನಿಯಮ ಜಾಸ್ತಿಯಾಯಿತು’ ಎಂದು ಸಮಾಧಾನ ಹೇಳಿಕೊಳ್ಳಬಹುದಿತ್ತು. ನಿಯಮಕ್ಕೆಂದೇ ಕಟ್ಟಿದ ಈ ಜಾಗದಲ್ಲೂ ‘ನಿಯಮ ಸಾಲದು’ ಎಂದು ಕಳಿಸಿಬಿಟ್ಟರೆ ಈ ಮನುಷ್ಯನಿಗೆ ಭೂಮಿಯ ಮೇಲೆ ಇನ್ನೆಲ್ಲಿ ಕೆಲಸ ಹುಡುಕುವುದು?

ಅವರು ತಮ್ಮದೇ ಪರಿಹಾರ ಕಂಡುಕೊಂಡರು. ರಜೆಯ ದಿನ ಕೈ ಬಿಡುವಾಗಿರುವುದರಿಂದಲೇ ಅಭ್ಯಾಸ ಕೆಡುತ್ತದೆ, ಆದ್ದರಿಂದ ಭಾನುವಾರವೂ ಅಭ್ಯಾಸ ಮಾಡಬೇಕು, ಎಂದರು. ನಿಂತುಹೋದ ಕೈಗಡಿಯಾರದ ಬೆಲ್ಟಿಗೆ ಹಳೆಯ ಫೋನಿನ ಸುರುಳಿ ತಂತಿ ಜೋಡಿಸಿ, ಅದರ ತುದಿಗೆ ಬಟ್ಟೆ ಒಣಹಾಕುವ ಕ್ಲಿಪ್ ಕಟ್ಟಿ, ಆ ಕ್ಲಿಪ್ಪನ್ನು ಕಿಟಕಿಯ ಕಂಬಿಗೆ ಸಿಕ್ಕಿಸಿ, ಕಿಟಕಿಯ ಪಕ್ಕ ಸ್ಟೂಲ್ ಹಾಕಿಕೊಂಡು ಕುಳಿತರು. ಬರಿಗೈಯಲ್ಲಿ ಕೂರುವುದೇಕೆಂದು ನಾನು ಬಟಾಣಿ ಬಿಡಿಸಲು ಕೊಟ್ಟೆ. ಒಳ್ಳೆಯ ಕಾಳು ಬಟ್ಟಲಿಗೆ, ಹುಳುಕು ಕಾಳು ಕೆಂಪು ಡಬ್ಬಿಗೆ. ಅನುಮಾನದ ಕಾಳು ಬಂದರೆ ಬೆಳಕಿಗೆ ಹಿಡಿದು, ನನ್ನನ್ನು ಕರೆದು ತೋರಿಸಿ, ನಾನು ತಲೆಯಾಡಿಸಿದ ಮೇಲೆ ಹಾಕುತ್ತಿದ್ದರು. ಏಳಬೇಕಾದರೆ ಬಲಗೈ ಎತ್ತುತ್ತಿದ್ದರು. ಲೈನಿನಲ್ಲಿ ಹಾಗೆ ಮಾಡಬೇಕೆಂಬುದನ್ನೂ ನಾನೇ ಊಹಿಸಿಕೊಂಡೆ. ನಾನು “ಹೋಗಿ” ಎಂದರೆ ಕ್ಲಿಪ್ ಬಿಚ್ಚಿ ಹೋಗಿ, ಬಂದು, ತಾವೇ ಸಿಕ್ಕಿಸಿಕೊಂಡು ಕೂರುತ್ತಿದ್ದರು. ಎರಡನೆಯ ಭಾನುವಾರದ ಹೊತ್ತಿಗೆ ನಾನು ಕೆಲಸದ ನಡುವೆ ತಲೆಯೆತ್ತದೆಯೇ “ಹೋಗಿ” ಅನ್ನುವಷ್ಟು ಪಳಗಿದ್ದೆ.

ನಾವಿರುವ ಮೊದಲ ಮಹಡಿಯಲ್ಲಿ ನಮ್ಮ ಕಿಟಕಿಗೂ ಎದುರುಮನೆಯ ಬಾಗಿಲಿಗೂ ನಡುವೆ ಒಂದು ಸೈಕಲ್ ಹಾಯುವಷ್ಟೇ ಜಾಗ. ಎದುರುಮನೆಯ ಅಕ್ಕ ಒಳ್ಳೆಯವರು. ಯಾರ ಮನೆಯ ಕಷ್ಟವನ್ನೂ ಬೀದಿಗೆ ಪೂರ್ತಿ ತಿಳಿಸುವವರೆಗೆ ಅವರಿಗೆ ನೆಮ್ಮದಿಯಿಲ್ಲ. ಅವರು ಕಸದ ಬುಟ್ಟಿ ಹಿಡಿದುಕೊಂಡು ಕಿಟಕಿಯ ಹತ್ತಿರ ಬಂದಾಗ ನಾನು ಒಳಗೆ ಸ್ನಾನದ ಮನೆ ತೊಳೆಯುತ್ತಿದ್ದೆ. ಅಲ್ಲಿ ನಡೆದ ಮಾತನ್ನು ನಮ್ಮವರು ಎಲ್ಲ ಮುಗಿದ ಎಷ್ಟೋ ದಿನಗಳ ಮೇಲೆ ನನಗೆ ಅಕ್ಷರ ಬಿಡದೆ ಒಪ್ಪಿಸಿದರು. ತಮ್ಮ ಯಾವ ಉತ್ತರದಲ್ಲೂ ತಪ್ಪಿಲ್ಲವೆಂಬ ಹೆಮ್ಮೆ ಅವರಿಗೆ.

“ಇದೇನು ತಮ್ಮಾ, ಕೈಗೆ ಹಗ್ಗ?” ಎಂದು ಅಕ್ಕ ಕೇಳಿದರು.

“ಅದರ ಬಗ್ಗೆ ಮಾತಾಡೋ ಹಾಗಿಲ್ಲ ಅಕ್ಕ.”

“ಯಾರು ಹೇಳಿದ್ದು ಮಾತಾಡಬಾರದು ಅಂತ?”

“ಮೇಲಿನವರು.”

ಅಕ್ಕ ಒಳಗೆ ಇಣುಕಿದರು. ಒಳಗಿನಿಂದ ನಾನು ಬ್ರಶ್ಶಿನಿಂದ ನೆಲ ತಿಕ್ಕುವ ಸದ್ದು ಜೋರಾಗಿ ಕೇಳುತ್ತಿತ್ತು. ಅವರು ದನಿ ತಗ್ಗಿಸಿದರು. “ನೋವಾಗಲ್ವಾ?”

“ಮೊದಮೊದಲು ಆಗ್ತಿತ್ತು. ಈಗ ಅಭ್ಯಾಸ ಆಗಿದೆ.”

“ಎಷ್ಟು ಹೊತ್ತು ಹೀಗೆ?”

“ಬೆಳಿಗ್ಗೆಯಿಂದ ಸಂಜೆವರೆಗೆ. ಊಟಕ್ಕೆ ಬಿಡ್ತಾರೆ.”

“ಮತ್ತೆ, ಅದಕ್ಕೆ ಇದಕ್ಕೆ ಹೋಗಬೇಕು ಅನ್ನಿಸಿದರೆ?”

“ಕೈ ಎತ್ತಬೇಕು.”

“ಬಿಚ್ಚಿಕೊಂಡು ಓಡಿಹೋಗೋಣ ಅನ್ನಿಸಲ್ವಾ ನಿನಗೆ?”

“ಯಾಕಕ್ಕ? ನನ್ನ ಜೀವನದಲ್ಲೇ ಇಷ್ಟು ಸಂತೋಷವಾಗಿ ಇರಲಿಲ್ಲ.”

ಈ ಕೊನೆಯ ಮಾತೇ ಅಕ್ಕನ ಕರುಳು ಹಿಂಡಿದ್ದು. ಏಟು ತಿಂದವರು ಹೀಗೆಯೇ ಹೇಳುತ್ತಾರೆಂದು ಅವರು ಎಲ್ಲೋ ಕೇಳಿದ್ದರಂತೆ. ಆ ಹೊತ್ತಿಗೆ ಸರಿಯಾಗಿ ನಮ್ಮವರು ನೀರು ಕುಡಿಯಲೆಂದು ಕೈ ಎತ್ತಿದರು. ಒಳಗಿನಿಂದ ನಾನು ನೆರಳು ನೋಡಿ “ಹೋಗಿ” ಎಂದೆ. ಅಕ್ಕ ಕಸದ ಬುಟ್ಟಿಯನ್ನು ನಮ್ಮ ಕಿಟಕಿಯ ಕೆಳಗೇ ಬಿಟ್ಟು ಹೊರಟುಹೋದರು.

ಮರುದಿನದಿಂದ ಬೀದಿ ಬದಲಾಯಿತು. ನಾನು ಎಲ್ಲವನ್ನೂ ಗಮನಿಸುವವಳು. ಒಂದು ಪರದೆ ಅಲ್ಲಾಡಿದರೂ ಕಾರಣ ಹುಡುಕುವವಳು. ಕೆಳಗಿನ ಟೈಲರ್ ನಮ್ಮವರನ್ನು ನೋಡಿದಾಗಲೆಲ್ಲ ಹೊಲಿಗೆ ನಿಲ್ಲಿಸಿ ಎದ್ದು ನಿಂತು ಅವರ ಭುಜ ಮುಟ್ಟಿ ಕಳಿಸುತ್ತಿದ್ದರು. ಎದುರುಮನೆಯಿಂದ ಅವರಿಗೆ ಮಾತ್ರ, ನನಗಿಲ್ಲದಂತೆ, ತಿಂಡಿಯ ಡಬ್ಬಿ ಬರತೊಡಗಿತು. ನಾನು ನಲ್ಲಿಯ ಹತ್ತಿರ ಹೋದರೆ ಗಂಡಸರು ತಮ್ಮ ಕೊಡ ಎತ್ತಿಕೊಂಡು ಜಾಗ ಬಿಡುತ್ತಿದ್ದರು. ಇದನ್ನೆಲ್ಲ ಕೂಡಿಸಿ ನೋಡಿ ನಾನು ಒಂದೇ ತೀರ್ಮಾನಕ್ಕೆ ಬಂದೆ: ಇವರ ಕೆಲಸ ಹೋಗಿದೆ, ಬೀದಿಗೆಲ್ಲ ಗೊತ್ತಾಗಿದೆ, ನನಗೆ ಮಾತ್ರ ಹೇಳಿಲ್ಲ. ಅವರು ದಿನಾ ಡಬ್ಬಿ ಹಿಡಿದುಕೊಂಡು ಯಾವುದೋ ಉದ್ಯಾನದಲ್ಲಿ ಕೂತು ಬರುತ್ತಿರಬೇಕೆಂದು ಒಂದು ಬೆಳಿಗ್ಗೆ ಗೇಟಿನವರೆಗೆ ಹಿಂಬಾಲಿಸಿದೆ. ಅವರು ಒಳಗೆ ಹೋದರು. ಕಾವಲುಗಾರ ನನ್ನನ್ನು ಗುರುತು ಹಿಡಿದು, ಪ್ರಕಟಣೆ ತೆಗೆದಾಯಿತಮ್ಮ, ಎಂದ.

ಮೇಲಿನ ಮನೆಯವಳು ಒಬ್ಬಳು ಮಾತ್ರ ಬೇರೆ ಥರ. ಅವಳು ಸೆರಗಿನಲ್ಲಿ ಕೈ ಒರೆಸಿಕೊಳ್ಳುತ್ತ ಬಂದು, ಬಾಗಿಲು ಮುಂದಕ್ಕೆ ಮಾಡಿ, ಕಿಟಕಿಯ ಕಂಬಿಯನ್ನು ಒಮ್ಮೆ ಎಳೆದು ನೋಡಿದಳು.

“ತಂತಿ ಅಡುಗೆಮನೆವರೆಗೆ ಬರುತ್ತಾ?” ಎಂದು ಕೇಳಿದಳು.

ಸುರುಳಿ ತಂತಿ, ಎಳೆದರೆ ಬರುತ್ತೆ, ಎಂದೆ.

“ಮೊದಲ ದಿನ ಒಪ್ಪಿದರಾ?”

ಅವರೇ ಮಾಡಿಕೊಂಡಿದ್ದು, ಎಂದೆ. ಅವಳು “ನೀವು ಓದಿದವರು ಬಿಡಿ” ಎಂದು ಹೇಳಿ ಹೋದಳು. ಅವಳ ಗಂಡ ಭಾನುವಾರ ಮನೆಯಲ್ಲಿ ಒಂದು ಗಳಿಗೆ ನಿಲ್ಲುವ ಪೈಕಿಯಲ್ಲ. ಅವನೂ ಕಾರ್ಖಾನೆಗೆ ಅರ್ಜಿ ಹಾಕುತ್ತಿದ್ದಾನೇನೋ ಎಂದು ನಾನು ಅಂದುಕೊಂಡೆ.

ಮುಂದಿನ ಭಾನುವಾರ ಅತ್ತೆ ಬಂದರು. ಎದುರುಮನೆಯ ಅಕ್ಕ ಫೋನು ಮಾಡಿ ಕರೆಸಿದ್ದರೆಂದು ನನಗೆ ಗೊತ್ತಿರಲಿಲ್ಲ. ಅತ್ತೆ ನನ್ನ ಜತೆ ಮಾತಾಡಲಿಲ್ಲ. ಚಪ್ಪಲಿ ಬಿಡದೆ ಒಳಗೆ ನುಗ್ಗಿ ಕಿಟಕಿಯ ಹತ್ತಿರ ಹೋದರು. ಮಗ ಅಲ್ಲಿ ಕೈಗೆ ತಂತಿ ಸುತ್ತಿಕೊಂಡು ಒಂದು ಬಟಾಣಿಯನ್ನು ಬೆಳಕಿಗೆ ಹಿಡಿದು ನೋಡುತ್ತಿದ್ದ. ಅತ್ತೆಯ ಹಿಂದೆ ಎದುರುಮನೆಯ ಅಕ್ಕ. ಅವರ ಹಿಂದೆ ಟೈಲರ್, ಕೈಯಲ್ಲಿ ಬಟ್ಟೆ ಕತ್ತರಿಸುವ ದೊಡ್ಡ ಕತ್ತರಿ.

“ಕೈ ಚಾಚೋ,” ಎಂದರು ಅತ್ತೆ, ಕತ್ತರಿ ಇಸಿದುಕೊಂಡು.

“ಅಮ್ಮ, ಹಾಗೆಲ್ಲ ಕತ್ತರಿಸೋ ಹಾಗಿಲ್ಲ. ಅದಕ್ಕೆ ಒಂದು ಕ್ರಮ ಇದೆ.”

“ಕ್ರಮ ನನಗೆ ಹೇಳ್ತೀಯಾ? ಚಿಕ್ಕವನಿದ್ದಾಗ ಒಂದು ಸಲ ಗದರಿದರೆ ದಿನವಿಡೀ ಮಂಕಾಗಿರ್ತಿದ್ದ ಮಗು ಇವನು.” ಇದನ್ನು ಅತ್ತೆ ಬೀದಿಗೆ ಹೇಳಿದರು. ಆಮೇಲೆ ನನ್ನ ಕಡೆ ತಿರುಗಿದರು. “ನೋಡಮ್ಮ, ಕೆಲಸ ನಿಲ್ಲಲ್ಲ ಅಂತ ನೀನು ಬೈದೆ, ನಾನು ಸುಮ್ಮನಿದ್ದೆ. ಸರಿಯಾಗಿ ಮಾತಾಡಲ್ಲ ಅಂತ ದೂರಿದೆ, ಅದೂ ಸರಿ. ಕಟ್ಟಿಹಾಕೋದಾ?”

ಆ ಒಂದು ಶಬ್ದಕ್ಕೆ ನನ್ನೊಳಗೆ ಎಲ್ಲವೂ ಒಂದಕ್ಕೊಂದು ಜೋಡಿಕೊಂಡವು: ತಿಂಡಿಯ ಡಬ್ಬಿ, ನಲ್ಲಿಯ ಹತ್ತಿರ ಜಾಗ ಬಿಟ್ಟ ಗಂಡಸರು, ಅಡುಗೆಮನೆವರೆಗೆ ಬರುವ ತಂತಿ. ಇಷ್ಟು ದಿನ ಬೀದಿಯನ್ನು ನಾನು ಗಮನಿಸುತ್ತಿದ್ದೇನೆ ಎಂದುಕೊಂಡಿದ್ದೆ. ಬೀದಿ ನನ್ನನ್ನು ಗಮನಿಸುತ್ತಿತ್ತು. ನಾನು ಬಾಯಿ ತೆರೆದು ಬಾಚಣಿಗೆಯ ವಿಷಯದಿಂದ ಶುರುಮಾಡುವಷ್ಟರಲ್ಲಿ ಬಾಗಿಲಲ್ಲಿ ಯಾರೋ ಕೆಮ್ಮಿದರು.

ಬಂದವರು ಕಾರ್ಖಾನೆಯ ಸಿಬ್ಬಂದಿ ವಿಭಾಗದ ಅಧಿಕಾರಿ. ಮೊದಲ ದಿನ ಭಾಷಣ ಮಾಡಿದ್ದವರು ಇವರೇ. ಖಾಯಂ ಮಾಡುವ ಮೊದಲು ನೌಕರನ ಮನೆಗೆ ರಜೆಯ ದಿನ, ಮುಂಚೆ ತಿಳಿಸದೆ, ಬಂದು ನೋಡುವುದು ಅವರ ಪದ್ಧತಿ. ಇಸ್ತ್ರಿ ಮಾಡಿದ ಅಂಗಿಯ ಜೇಬಿಗೆ ರಜೆಯ ದಿನವೂ ಬಿಳಿ ಬ್ಯಾಡ್ಜ್ ಸಿಕ್ಕಿಸಿದ್ದರು. ಕಾರ್ಖಾನೆಯ ಅಂಗಳದಾಚೆ ಕಾರ್ಪೆಟ್ ಹಾಸಿದ ಬೇರೆ ಕಟ್ಟಡದಲ್ಲಿ ಕೂರುವವರು ಅವರು. ಲೈನನ್ನು ವರ್ಷಕ್ಕೊಮ್ಮೆ ಗಾಜಿನ ಆಚೆಯಿಂದ, ಅತಿಥಿಗಳಿಗೆ ತೋರಿಸುವಾಗ, ತಾವೂ ನೋಡುತ್ತಾರಂತೆ. ಗಾಜಿನಿಂದ ತಲೆಗಳು ಕಾಣುತ್ತವೆ, ಮಣಿಕಟ್ಟು ಕಾಣುವುದಿಲ್ಲ. ಇದು ನನಗೆ ಆಮೇಲೆ ಗೊತ್ತಾದದ್ದು.

ಅವರು ಕುರ್ಚಿಯಲ್ಲಿ ಕುಳಿತು ನನ್ನ ಕಡೆ ನೋಡಿ ಮೊದಲು ಕೇಳಿದ್ದೇ, ನಿಮ್ಮವರು ಲೈನಿನ ಕೆಲಸದ ಬಗ್ಗೆ ಮನೆಯಲ್ಲಿ ಏನಾದರೂ ಹೇಳುತ್ತಾರಾ, ಎಂದು. ಏನೂ ಹೇಳುವುದಿಲ್ಲ ಎಂದೆ. ಅದು ಸತ್ಯ. ಒಳ್ಳೆಯದು, ಎಂದು ತಲೆಯಾಡಿಸಿದರು. ಹೋದ ವಾರವಷ್ಟೇ ಒಬ್ಬನನ್ನು ಕಳಿಸಿದೆವು, ಅವನ ಹೆಂಡತಿ ಬೋರ್ಡಿಗೆ ಯಾವ ತಿರುಪು ಹಾಕುತ್ತಾರೆಂದು ಪಕ್ಕದ ಮನೆಯವರಿಗೆ ಹೇಳಿದ್ದಳು, ತಾನೇ ಊಹಿಸಿದ್ದು ಅಂತ ಅಳುತ್ತಿದ್ದಳು, ಊಹೆ ಎಂದರೆ ಯಾರು ನಂಬುತ್ತಾರೆ, ಎಂದರು.

ನನ್ನ ಬಾಚಣಿಗೆ ಗಂಟಲಲ್ಲೇ ಉಳಿಯಿತು.

ಎದುರುಮನೆಯ ಅಕ್ಕನಿಗೆ ತಡೆಯಲಾಗಲಿಲ್ಲ. ಸಾರ್, ನೀವು ದೊಡ್ಡವರು, ನೀವೇ ಈ ಹುಡುಗನನ್ನು ಉಳಿಸಬೇಕು, ಎಂದು ಶುರುಮಾಡಿ, ಬೆಳಿಗ್ಗೆಯಿಂದ ಸಂಜೆವರೆಗೆ ಕಟ್ಟಿಹಾಕುವುದು, ಊಟಕ್ಕೆ ಮಾತ್ರ ಬಿಡುವುದು, ಕೈ ಎತ್ತದೆ ಏಳಗೊಡದಿರುವುದು, ಎಲ್ಲವನ್ನೂ ಹೇಳಿದರು. ತಿಂಡಿಯ ಡಬ್ಬಿಯನ್ನೂ ಬಿಡಲಿಲ್ಲ. ಅಧಿಕಾರಿ ಕುರ್ಚಿಯನ್ನು ಕಿಟಕಿಯ ಕಡೆ ಎಳೆದುಕೊಂಡರು. ತಂತಿಯನ್ನು ಕಣ್ಣಿನಿಂದಲೇ ಮಣಿಕಟ್ಟಿನಿಂದ ಕಂಬಿಯವರೆಗೆ ಹಿಂಬಾಲಿಸಿದರು.

“ನಿಮ್ಮನ್ನು ಕಟ್ಟಿಹಾಕ್ತಾರಂತೆ. ನಿಜವಾ?”

“ಹೌದು ಸಾರ್. ಆದರೆ ಅದರ ಬಗ್ಗೆ ಮಾತಾಡೋ ಹಾಗಿಲ್ಲ,” ಎಂದರು ನಮ್ಮವರು.

“ನಾನು ಕಾರ್ಖಾನೆಯೋನೇ ಕಣ್ರೀ. ನನ್ನ ಹತ್ತಿರ ಹೇಳಬಹುದು.”

ನಮ್ಮವರು ಅಧಿಕಾರಿಯ ಜೇಬು ನೋಡಿದರು. “ನಿಮ್ಮದು ಬಿಳಿ ಬ್ಯಾಡ್ಜ್ ಸಾರ್.”

“ಅದಕ್ಕೆ?”

“ನೀಲಿ ಬ್ಯಾಡ್ಜ್ ಇಲ್ಲದವರೆಲ್ಲ ಹೊರಗಿನವರು ಅಂತ ಹೇಳಿದಾರೆ.”

“ಯಾರು ಹೇಳಿದ್ದು?”

“ನೀವೇ ಸಾರ್. ಮೊದಲ ದಿನ ಭಾಷಣದಲ್ಲಿ.”

ಟೈಲರ್ ನಿಟ್ಟುಸಿರು ಬಿಟ್ಟರು. “ನೋಡಿ ಸಾರ್,” ಎಂದರು ಅಕ್ಕ, “ಹೆಂಡತಿ ಹೆದರಿಕೆಗೆ ಕಾರ್ಖಾನೆ ರೂಲ್ಸು ಅಡ್ಡ ಹಿಡೀತಿದಾನೆ ಪಾಪ.” ಅಧಿಕಾರಿಗೂ ಹಾಗೆಯೇ ಅನ್ನಿಸಿತು. ಅವರು ಒಂದು ಕಾಲಿನ ಮೇಲಿದ್ದ ಇನ್ನೊಂದು ಕಾಲನ್ನು ಇಳಿಸಿ, ನನ್ನ ಕಡೆ ತಿರುಗಿದರು.

“ನೀವೇ ಹೇಳಿಬಿಡಿಯಮ್ಮ. ಇದು ಏನು? ಯಾಕೆ?”

ನಮ್ಮವರು ನನ್ನನ್ನು ನೋಡಿದರು. ಆ ನೋಟ ನನಗೆ ಚೆನ್ನಾಗಿ ಗೊತ್ತು. ಚಪ್ಪಲಿ ಅಂಗಡಿಯಿಂದ ಬಂದ ದಿನವೂ ಹೀಗೆಯೇ ನೋಡಿದ್ದರು. ಅಲ್ಲಿ ತಾವು ಮಾಡಿದ ತಪ್ಪೇನೆಂದು ಇವತ್ತಿಗೂ ಅವರಿಗೆ ತಿಳಿದಿಲ್ಲ. ನಾನು ನಿಜ ಹೇಳಿದರೆ ಲೈನಿನ ವಿಧಾನ ಹೆಂಡತಿಗೆ ಗೊತ್ತಿದೆ ಎಂದಾಗುತ್ತದೆ. ಸೋಮವಾರದಿಂದ ಅವರು ಮನೆಯಲ್ಲಿ. ಹೇಳದಿದ್ದರೆ ನಾನು ಈ ಬೀದಿಯಲ್ಲಿ, ಅತ್ತೆಯ ಮನೆಯಲ್ಲಿ, ಅತ್ತೆ ಹೋಗಿ ಹೇಳುವ ಪ್ರತಿಯೊಂದು ಮನೆಯಲ್ಲಿ, ಗಂಡನನ್ನು ಕಟ್ಟಿಹಾಕುವವಳು. ಕಾಲೇಜಿನಲ್ಲಿ ಚರ್ಚಾಸ್ಪರ್ಧೆಗೆ ಎರಡೂ ಪಕ್ಷ ತಯಾರಿ ಮಾಡಿಕೊಂಡು ಹೋಗುತ್ತಿದ್ದವಳು ನಾನು. ಇಲ್ಲಿ ಮೂರನೆಯ ಪಕ್ಷ ಹುಡುಕಿದೆ, ಸಿಗಲಿಲ್ಲ.

“ನಾನೇ ಕಟ್ಟೋದು ಸಾರ್,” ಎಂದೆ.

ಅತ್ತೆ ಕೈಲಿದ್ದ ಕತ್ತರಿಯೊಂದಿಗೆ ಹಾಗೆಯೇ ನೆಲದ ಮೇಲೆ ಕುಳಿತರು. ಅಕ್ಕ, ತಾವೇ ಇಷ್ಟು ದಿನ ಹೇಳಿಕೊಂಡು ಬಂದದ್ದು ನಿಜವಾಗಿಬಿಟ್ಟಿದ್ದಕ್ಕೆ ತಾವೇ ಬೆಚ್ಚಿ, ಗೋಡೆ ಹಿಡಿದುಕೊಂಡರು.

“ಕಾರಣ?” ಎಂದರು ಅಧಿಕಾರಿ.

ಶುರುಮಾಡಿದ ಮೇಲೆ ಅರ್ಧಕ್ಕೆ ಬಿಡಬಾರದು ಎಂದುಕೊಂಡು, “ಕಟ್ಟಿದರೆ ಕೆಲಸ ಅಚ್ಚುಕಟ್ಟಾಗಿ ಮಾಡ್ತಾರೆ” ಎಂದೆ.

ಅಧಿಕಾರಿ ಎದ್ದುಹೋಗಿ ಬಟ್ಟಲಿಗೆ ಕೈಹಾಕಿದರು. ಕಾಳುಗಳನ್ನು ತಳದಿಂದ ಮೇಲೆತ್ತಿ ನೋಡಿದರು. ಒಂದೂ ಹುಳುಕಿರಲಿಲ್ಲ. ಕೆಂಪು ಡಬ್ಬಿಯನ್ನು ಅಂಗೈಗೆ ಬಗ್ಗಿಸಿಕೊಂಡರು. ಅದರಲ್ಲಿ ಒಂದೂ ಒಳ್ಳೆಯದಿರಲಿಲ್ಲ. ಅವರ ಮುಖದಲ್ಲಿ ಒಂದು ಬಗೆಯ ಗಾಂಭೀರ್ಯ ಬಂತು.

“ಮಧ್ಯೆ ಎದ್ದು ಹೋಗಲ್ವಾ? ಹರಟೆಗೆ, ಸಿಗರೇಟಿಗೆ?”

ಉತ್ತರ ಹೇಳುವ ಮೊದಲೇ ನಮ್ಮವರು ಬಲಗೈ ಎತ್ತಿದರು. ನಾನು ಅಭ್ಯಾಸಬಲದಿಂದ, ನೋಡದೆಯೇ, “ಹೋಗಿ” ಎಂದೆ. ಅವರು ಕ್ಲಿಪ್ ಬಿಚ್ಚಿದರು, ಹೋದರು, ನೀರಿನ ಸದ್ದಾಯಿತು, ಕೈ ಒರೆಸಿಕೊಂಡು ಬಂದರು, ಸ್ಟೂಲಿನ ಮೇಲೆ ಕುಳಿತು ಕ್ಲಿಪ್ಪನ್ನು ಕಂಬಿಗೆ ಸಿಕ್ಕಿಸಿ, ಸರಿಯಾಗಿ ಕೂತಿದೆಯೇ ಎಂದು ಒಮ್ಮೆ ಎಳೆದು ನೋಡಿ, ಅರ್ಧಕ್ಕೆ ಬಿಟ್ಟಿದ್ದ ಬಟಾಣಿಯನ್ನು ಕೈಗೆತ್ತಿಕೊಂಡರು.

“ತಾವೇ ಬಂದು ಕಟ್ಟಿಕೊಳ್ತಾರೆ,” ಎಂದು ಅಧಿಕಾರಿ ಪಿಸುಗುಟ್ಟಿದರು.

ಅವರು ಹೊರಡುವಾಗ ಮೆಟ್ಟಿಲವರೆಗೆ ನಾನೊಬ್ಬಳೇ ಹೋದೆ. ಅವರನ್ನು ಕೆಲಸದಿಂದ ಕಳಿಸುತ್ತೀರಾ, ಎಂದು ಕೇಳಬೇಕೆಂದಿದ್ದೆ. ಅವರೇ ನಿಂತು, ನಿಮ್ಮ ಯಜಮಾನರಂಥ ನೌಕರ ನಮಗೆ ಸಿಕ್ಕಿಲ್ಲ, ನನಗೇ ಬಾಯಿಬಿಡಲಿಲ್ಲವಲ್ಲ, ನಾಳೆಯೇ ಖಾಯಂ ಆದೇಶ ಬರುತ್ತದೆ, ಎಂದರು. ನನ್ನ ಕಣ್ಣು ಮಂಜಾಯಿತು. ಅವರು ಎರಡು ಮೆಟ್ಟಿಲು ಇಳಿದವರು ಮತ್ತೆ ಹತ್ತಿ ಬಂದು, ದನಿ ತಗ್ಗಿಸಿದರು.

“ಅಮ್ಮ, ಸಂಜೆ ಲೈನಿಗೆ ಒಬ್ಬ ಸೂಪರ್‌ವೈಸರ್ ಬೇಕಾಗಿದಾರೆ. ಜನ ಒಂದು ಕಡೆ ಕೂರೋದೇ ಇಲ್ಲ. ನಿಮ್ಮಂಥ ಅನುಭವಸ್ಥರು ಸಿಗೋದು ಕಷ್ಟ.”

ಯೋಚಿಸಿ ಹೇಳುತ್ತೇನೆ ಎಂದೆ. ಒಳಗೆ ಬಂದರೆ ನಮ್ಮವರು ಕೈ ಎತ್ತಿಕೊಂಡು ಕೂತಿದ್ದಾರೆ. ಮೆಟ್ಟಿಲ ಮಾತು ಕಿಟಕಿಯಿಂದ ಕೇಳಿಸಿತ್ತು.

“ಹೋಗಿ,” ಎಂದೆ.

“ಹೋಗೋಕಲ್ಲ. ನೀನು ಸೇರಿದರೆ ನಿನಗೂ ನೀಲಿ ಬ್ಯಾಡ್ಜ್ ಕೊಡ್ತಾರೆ.”

“ಕೊಟ್ಟರೆ?”

“ಆಗ ನೀನು ಒಳಗಿನವಳಾಗ್ತೀಯ. ನಿನಗೆ ಎಲ್ಲಾ ಹೇಳಬಹುದು.” ಅವರು ತಂತಿಯ ಸುರುಳಿಯನ್ನು ಬೆರಳಿಗೆ ಸುತ್ತಿದರು. “ದಿನಾ ಬಂದು ಸುಮ್ಮನೆ ನೀರು ಕುಡಿದು ಕೂರೋದು ಎಷ್ಟು ಕಷ್ಟ ಗೊತ್ತಾ?”

ಇಷ್ಟು ತಿಂಗಳು ಅವರು ಸಂಜೆ ಬಂದು ಸುಮ್ಮನಿದ್ದದ್ದನ್ನು ನಾನು ಆಯಾಸ ಎಂದುಕೊಂಡಿದ್ದೆ. ಅದನ್ನೂ ನಾನು ಸರಿಯಾಗಿ ಗಮನಿಸಿರಲಿಲ್ಲ. ಸೇರುತ್ತೇನೆ ಎಂದೆ.

ಮೊದಲ ದಿನ ಅಧಿಕಾರಿ ತಾವೇ ನನ್ನನ್ನು ಲೈನಿಗೆ ಕರೆದುಕೊಂಡು ಹೋದರು. ಹೊಸ ಸೂಪರ್‌ವೈಸರನ್ನು ಪರಿಚಯಿಸಬೇಕಾದ್ದರಿಂದ ಅವರೂ ಜೀವನದಲ್ಲಿ ಮೊದಲ ಸಲ ಗಾಜು ದಾಟಿದರು. ಬೆಳಗಿನ ಪಾಳಿ ಇನ್ನೂ ಮುಗಿದಿರಲಿಲ್ಲ. ಉದ್ದನೆಯ ಮೇಜುಗಳ ಎರಡೂ ಬದಿಗೆ ಜನ ತಲೆಬಗ್ಗಿಸಿ ಕೂತಿದ್ದರು, ಪ್ರತಿಯೊಬ್ಬರ ಮಣಿಕಟ್ಟಿನಿಂದಲೂ ಒಂದೊಂದು ಸುರುಳಿ ತಂತಿ ಮೇಜಿಗೆ. ಯಾರೋ ಒಬ್ಬ ಹುಡುಗಿ ಕೈ ಎತ್ತಿದಳು. ಅಧಿಕಾರಿ ಬಾಗಿಲಲ್ಲೇ ನಿಂತರು. ಸಾಲನ್ನು ಈ ತುದಿಯಿಂದ ಆ ತುದಿಯವರೆಗೆ ನೋಡಿ, ನಿಧಾನವಾಗಿ ನನ್ನ ಕಡೆ ತಿರುಗಿ, ಒಂದು ಹೆಜ್ಜೆ ದೂರ ಸರಿದರು.

“ಆಗಲೇ ಎಲ್ಲರನ್ನೂ ಕಟ್ಟಿಬಿಟ್ರಾ?” ಎಂದು ಕೇಳಿದರು.

ಹಳೆಯ ಸೂಪರ್‌ವೈಸರ್ ಅವರನ್ನು ಮೂಲೆಗೆ ಕರೆದು ಏನೋ ವಿವರಿಸಿದರು. ಅಧಿಕಾರಿ ಬಹಳ ಹೊತ್ತು ತಲೆಯಾಡಿಸಿ, ಅಷ್ಟೂ ನನಗೆ ಗೊತ್ತಿತ್ತು, ಎಂದು ಹೇಳಿ ಕಾರ್ಪೆಟ್ಟಿಗೆ ಮರಳಿದರು. ನನ್ನನ್ನು ತೆಗೆದುಹಾಕಿದರೆ ಯಾಕೆ ತೆಗೆದುಕೊಂಡಿರಿ ಎಂದು ಯಾರಾದರೂ ಕೇಳಬಹುದಾದ್ದರಿಂದ ನನ್ನ ಕೆಲಸಕ್ಕೆ ಈವರೆಗೆ ಏನೂ ಆಗಿಲ್ಲ.

ಬೀದಿಗೆ ಮಾತ್ರ ನಿಜ ಹೇಳಲು ನನಗೆ ಆಗುತ್ತಿಲ್ಲ; ಅದೇ ಕಾಗದಕ್ಕೆ ಈಗ ನನ್ನ ಸಹಿಯೂ ಇದೆ. ಅತ್ತೆ ಬಂದಾಗ ನನ್ನ ಕೈಯಿಂದ ಒಂದು ಮಾರು ದೂರ ಕೂರುತ್ತಾರೆ. ಮೇಲಿನ ಮನೆಯವಳು ಟೈಲರ್ ಹತ್ತಿರ ದಪ್ಪ ಬಟ್ಟೆಯ ಒಂದು ಪಟ್ಟಿ ಹೊಲಿಸಿದ್ದಾಳೆ. ಅವಳ ಗಂಡ ಈಗ ಭಾನುವಾರ ಮನೆಯಲ್ಲಿರುತ್ತಾನೆ. ಮೆಟ್ಟಿಲಲ್ಲಿ ಎದುರಾದಾಗ ಅವನು ನನ್ನನ್ನು ನೋಡುವ ರೀತಿ ಚೆನ್ನಾಗಿಲ್ಲ.

ನೀಲಿ ಬ್ಯಾಡ್ಜ್ ಕೈಗೆ ಬಂದ ವಾರದ ಭಾನುವಾರ ನಮ್ಮವರು ಸ್ನಾನ ಮಾಡಿ, ಒಗೆದ ಅಂಗಿ ಹಾಕಿಕೊಂಡು ಊಟಕ್ಕೆ ಕುಳಿತರು. ನನ್ನ ಬ್ಯಾಡ್ಜನ್ನು ಮೇಜಿನ ಮೇಲೆ ಇಡಿಸಿ, ಅದರ ಬಣ್ಣ ನೋಡಿ ಖಾತ್ರಿ ಮಾಡಿಕೊಂಡು, ಬಾಗಿಲು ಕಿಟಕಿ ಮುಚ್ಚಿ, ಹೇಳಲು ಶುರುಮಾಡಿದರು. ಬೆಳಿಗ್ಗೆ ಗೇಟು ದಾಟಿದ ಮೇಲೆ ಯಾವ ಕಾಲು ಮೊದಲು ಒರೆಸಬೇಕು ಎಂಬಲ್ಲಿಂದ. ಪಟ್ಟಿಯನ್ನು ಎಡಗೈಗೇ ಏಕೆ, ಎಷ್ಟು ಬಿಗಿಯಾಗಿ, ಬಿಗಿ ಸರಿಯಿದೆಯೆಂದು ಯಾವ ಬೆರಳಿನಿಂದ ನೋಡಬೇಕು. ಆ ಬೆರಳನ್ನೇ ಏಕೆ. ಅವರ ಮುಖ ಅಷ್ಟು ಬೆಳಗಿದ್ದನ್ನು ನಾನು ಮದುವೆಯ ದಿನವೂ ನೋಡಿರಲಿಲ್ಲ. ಅನ್ನ ಆರಿತು. ಪಲ್ಯದ ಮೇಲೆ ಎಣ್ಣೆ ಕಟ್ಟಿತು. ಪಟ್ಟಿಯನ್ನು ಪರೀಕ್ಷಿಸಿ, ಸರಿಯಿದ್ದರೆ ಹಸಿರು ದೀಪ ಹತ್ತಿಸುವ ಯಂತ್ರದ ಮುಂದೆ ನಿಲ್ಲುವಾಗ ಕಾಲುಗಳ ನಡುವೆ ಎಷ್ಟು ಅಂತರವಿರಬೇಕು ಎಂಬಲ್ಲಿಗೆ ಅವರು ಬಂದಾಗ ನಾನು, ನನಗೇ ಗೊತ್ತಿಲ್ಲದೆ, ಬಲಗೈ ಎತ್ತಿದ್ದೆ.

“ಇರು,” ಎಂದರು ಅವರು. “ಇನ್ನೂ ಹಸಿರು ದೀಪ ಹತ್ತಿಲ್ಲ.”